ಸೆಲ್ವಿಯ ಎದುರು ಹಲಗೆ

ಸೆಲ್ವಿಯ ಆಟೋದಲ್ಲಿ ಯಾರೂ ಮುಖ ತಿರುಗಿಸಿಕೊಂಡು ಕೂರಲು ಆಗುವುದಿಲ್ಲ. ತಿರುಗಿಸಲು ಜಾಗ ಬೇಕಲ್ಲ! ಬಂಗಾರಪೇಟೆ ಸ್ಟೇಷನ್ ಮುಂದಿನಿಂದ ರಾಬರ್ಟ್‌ಸನ್‌ಪೇಟೆಗೆ ಓಡುವ ಶೇರ್ ಆಟೋಗಳಲ್ಲಿ ಹಿಂದಿನ ಸೀಟು ತುಂಬಿದ ಮೇಲೆ ಗಂಡಸರು ಡ್ರೈವರ್ ಪಕ್ಕದಲ್ಲಿ ಅಂಟಿಕೊಂಡು ಕೂರುವುದು ವಾಡಿಕೆ. ಆದರೆ ಡ್ರೈವರ್ ಹೆಂಗಸಾದರೆ? ಸೆಲ್ವಿ ಗಾಡಿ ಹಿಡಿದ ಮೊದಲ ದಿನವೇ ಹೇಳಿಬಿಟ್ಟಳು, ತನ್ನ ಪಕ್ಕದ ಜಾಗ ಹೆಂಗಸರಿಗೆ ಮಾತ್ರ ಅಂತ. ಹಾಗಾದರೆ ಗಂಡಸರನ್ನು ಎಲ್ಲಿ ತುಂಬುವುದು? ಅದಕ್ಕೆ ತನ್ನ ಸೀಟಿನ ಬೆನ್ನಿಗೆ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ, ಮೇಲೆ ಹಲಗೆ ಕೂರಿಸಿ, ಹಲಗೆಗೆ ಸ್ಪಂಜು ಹೊದಿಸಿದಳು. ಅಲ್ಲಿ ಕೂತವರ ಬೆನ್ನು ಡ್ರೈವರ್ ಕಡೆಗೆ, ಮುಖ ನಮ್ಮ ಕಡೆಗೆ.

ಬೇರೆ ಗಾಡಿಗಳಲ್ಲೂ ಇಂಥ ಹಲಗೆ ಇದೆ. ಅವು ಅಂಗೈ ಅಗಲದವು, ಕೂತವನು ಯಾವಾಗ ಇಳಿದೇನೋ ಎಂದು ಒದ್ದಾಡುತ್ತಾನೆ. ಸೆಲ್ವಿಯದು ಅಗಲ. ಹಲಗೆ ಅಗಲವಾದಷ್ಟೂ ಕಾಲಿಡುವ ಜಾಗ ಕಮ್ಮಿಯಾಯಿತು. ನನ್ನ ಮೊಣಕಾಲು, ಎದುರಿನವರ ಮೊಣಕಾಲು, ಮತ್ತೆ ನನ್ನದು, ಮತ್ತೆ ಅವರದು, ಬೆರಳಿಗೆ ಬೆರಳು ಹೆಣೆದ ಹಾಗೆ ಕೂರಬೇಕು. ಎದುರಿನವರು ಮಧ್ಯಾಹ್ನ ಏನು ತಿಂದಿದ್ದಾರೆ ಅಂತ ಅವರು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ. ಇಷ್ಟು ಹತ್ತಿರ ಕೂತು ಮಾತಾಡದೆ ಇರುವುದು ಹೇಗೆ? ಬಸ್ಸಿನಲ್ಲಾದರೆ ಮುಂದಿನವರ ತಲೆ ನೋಡಿಕೊಂಡು ಊರು ಸೇರಬಹುದು. ಇಲ್ಲಿ ಸ್ಟೇಷನ್ ಬಿಟ್ಟು ರೈಲ್ವೆ ಗೇಟು ದಾಟುವಷ್ಟರಲ್ಲಿ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಎಲ್ಲ ಮುಗಿದಿರುತ್ತದೆ. ಈ ಹಲಗೆಯ ಮೇಲೆ ಪರಿಚಯವಾಗಿ ಹೆಣ್ಣು ಕೊಟ್ಟು ತಂದವರಿದ್ದಾರೆ. ಸೆಲ್ವಿ ಆ ಮದುವೆಯ ಫೋಟೋವನ್ನು ಮೊಬೈಲಿನಲ್ಲಿಟ್ಟುಕೊಂಡು ಹತ್ತಿದವರಿಗೆಲ್ಲ ತೋರಿಸುತ್ತಿದ್ದಳು.

ಅವಳಿಗೆ ಇದೆಲ್ಲ ಸಹಜ. ಉರಿಗಾಂನ ಲೈನ್ ಮನೆಯಲ್ಲಿ ಹುಟ್ಟಿದವಳು. ಚಿನ್ನದ ಗಣಿ ಕೆಲಸಗಾರರಿಗೆ ಕಟ್ಟಿದ ಆ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ, ಒಂದು ಮನೆಯ ಕೆಮ್ಮು ಮೂರನೆಯ ಮನೆಗೆ ಕೇಳುತ್ತದೆ. ಗಂಡನ ಬೆನ್ನು ಕೈಕೊಟ್ಟು ಅವನು ಗಾಡಿ ಓಡಿಸಲಾರದೆ ಕೂತಾಗ, ಸ್ಟ್ಯಾಂಡಿನ ಗಂಡಸರೆಲ್ಲ ಹುಬ್ಬೇರಿಸುತ್ತಿರುವಾಗಲೇ, ಇವಳು ಲೈಸೆನ್ಸ್ ಮಾಡಿಸಿಕೊಂಡು ಬಂದು ಸರದಿಯಲ್ಲಿ ಗಾಡಿ ನಿಲ್ಲಿಸಿದಳು. ಬಾಯಿ ಜೋರು, ಹಾರ್ನ್ ಇನ್ನೂ ಜೋರು. ಯಾರಾದರೂ ಗಾಡಿಯಲ್ಲಿ ಸುಮ್ಮನೆ ಕೂತರೆ ಅವಳಿಗೆ ತಡೆಯುತ್ತಿರಲಿಲ್ಲ.

ಅಂಥ ಗಾಡಿಯಲ್ಲಿ ದಿನಾ ಸುಮ್ಮನೆ ಕೂರುವವಳು ನಾನು. ಬಂಗಾರಪೇಟೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ, ಮನೆ ಇರುವುದು ಆಂಡರ್ಸನ್‌ಪೇಟೆಯಲ್ಲಿ. ಬೆಳಗಿನಿಂದ ಸಂಜೆವರೆಗೆ ತೋಳು ಬಿಗಿ, ಕುತ್ತಿಗೆ ಆಳ, ನಾದಿನಿ ಹಾಗಂದಳು, ಅತ್ತೆ ಹೀಗಂದಳು ಅಂತ ಕೇಳಿ ಕೇಳಿ ತಲೆ ಕೆಟ್ಟಿರುತ್ತದೆ. ಅದಾದ ಮೇಲೆ ಗಾಡಿಯಲ್ಲೂ ಯಾರದೋ ಸೊಸೆಯ ಪುರಾಣ ಯಾಕೆ ಬೇಕು? "ಇಂದ್ರಾಣಕ್ಕನ ಬಾಯಿಗೆ ಬಟ್ಟೆ ಹೊಲಿದುಬಿಟ್ಟವ್ರೆ" ಅಂತ ಸೆಲ್ವಿ ಕನ್ನಡಿಯಲ್ಲಿ ನನ್ನನ್ನು ನೋಡಿ ರೇಗಿಸುವಳು. ನಾನು ಕ್ಯಾರೇ ಅನ್ನುತ್ತಿರಲಿಲ್ಲ.

ಸೆಲ್ವಿಯ ಲೆಕ್ಕ ಸರಳ. "ಯಾರ್ ಯಾರಿಗೂ ಗೊತ್ತಿಲ್ಲದವ್ರು ನನ್ ಗಾಡೀಲಿ ಮಾತಾಡೇ ಆಡ್ತಾರೆ ಅಕ್ಕ. ಎದುರುಬದುರು ಕೂತ್ಕೊಂಡು ಒಂದು ಗಂಡು ಒಂದು ಹೆಣ್ಣು ಮಾತಾಡ್ದೆ ಮುಖ ಊದಿಸ್ಕೊಂಡಿದ್ರೆ ಅವ್ರು ಗಂಡ ಹೆಂಡ್ತೀನೇ" ಅನ್ನುವಳು. ಎಷ್ಟೋ ಸಲ ಅದು ನಿಜವೂ ಆಗಿತ್ತು. ಗಾಡಿಯೆಲ್ಲ ನಗುತ್ತಿತ್ತು, ನನಗೂ ಒಳಗೊಳಗೇ ನಗು ಬರುತ್ತಿತ್ತು. ಕಳೆದ ಆಷಾಢದ ಒಂದು ಸಂಜೆ ಈ ಲೆಕ್ಕ ತಪ್ಪಿತು.

ಅವತ್ತು ಹಿಂದಿನ ಸೀಟಿನ ಒಳಗಿನ ಮೂಲೆಯಲ್ಲಿ ಅಕ್ಕಯ್ಯಮ್ಮ ಕೂತಿದ್ದಳು. ಅರ್ಧ ದಾರಿಯಲ್ಲಿ ಸಿಗುವ ಹಳ್ಳಿಯವಳು, ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಬಂಗಾರಪೇಟೆಗೆ ಬಂದು ಬೂಸಾ ಕೊಂಡು ಮೂಟೆಯನ್ನು ಎಲ್ಲರ ಕಾಲಿನ ಮೇಲೆ ಒರಗಿಸಿಕೊಂಡು ಹೋಗುವುದು ಅವಳ ಅಭ್ಯಾಸ. ಮಧ್ಯೆ ನಾನು. ಹಲಗೆಯ ಒಳಗಡೆ ಮುನಿಶಾಮಿ ಮಾಮ, ಉರಿಗಾಂನವರು, ಗಣಿ ಮುಚ್ಚುವವರೆಗೂ ಅಲ್ಲೇ ದುಡಿದವರು. ಸೆಲ್ವಿಯ ಪಕ್ಕದಲ್ಲಿ ಚಂದನ ಅಂತ ಒಬ್ಬ ಕಾಲೇಜು ಹುಡುಗಿ. ಹಿಂದೆ ನನ್ನ ಎಡಕ್ಕೆ, ಹತ್ತಿ ಇಳಿಯುವ ಕಡೆ, ಒಂದು ಜಾಗ ಖಾಲಿ. ಅದರ ಎದುರಿಗೆ ಹಲಗೆಯ ಮೇಲೆ ಒಂದು ಖಾಲಿ.

ನನ್ನ ಪಕ್ಕಕ್ಕೆ ಬಂದು ಕೂತವಳು ಸಹನ. ಹೆಸರು ಅವತ್ತು ಗೊತ್ತಿರಲಿಲ್ಲ, ಮುಖ ಗೊತ್ತಿತ್ತು. ಬೆಳಿಗ್ಗೆ ಉರಿಗಾಂನಲ್ಲಿ ಹತ್ತುವಳು, ಬಂಗಾರಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಹತ್ತಿದವಳು ಏದುಸಿರು ಬಿಡುತ್ತಿದ್ದಳು, ಓಡಿ ಬಂದಿದ್ದಳೋ ಏನೋ. ಅವಳ ಹಿಂದೆಯೇ ಒಬ್ಬ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಹೊಸ ಫ್ರೇಮಿನ ಕನ್ನಡಕ, ನೋಡಲು ಮರ್ಯಾದಸ್ಥನೇ. ಅವಳ ಎದುರಿಗೆ ಹಲಗೆಯ ಮೇಲೆ ಕೂತ. ಇಬ್ಬರೂ ಒಂದು ಮಾತಿಲ್ಲ. ಅವಳು ಬ್ಯಾಗನ್ನು ಮೊಣಕಾಲಿನ ಮೇಲೆ ನಿಲ್ಲಿಸಿಕೊಂಡು ಹೊರಗೆ ನೋಡುತ್ತಿದ್ದಳು. ಅವನು ಅವಳನ್ನೇ ನೋಡುತ್ತಿದ್ದ.

ಸೆಲ್ವಿ ಹಿಂದೆ ತಿರುಗಿ, "ಏನಣ್ಣ, ಎರಡು ಟಿಕೆಟ್ಟಾ?" ಅಂದಳು. ಟಿಕೆಟ್ಟು ಎಲ್ಲಿಯದು, ಅವಳು ಹಾಗೆ ಅನ್ನುವುದು ಅಷ್ಟೇ.

ಅವನು ಒಂದು ಕ್ಷಣ ತಡೆದ. ಆಮೇಲೆ ನಕ್ಕು "ಹೂಂ" ಅಂದು ನೋಟು ಮುಂದಕ್ಕೆ ಚಾಚಿದ.

"ನಂದು ನಾ ಕೊಡ್ತೀನ್ರಿ" ಅಂದಳು ಹುಡುಗಿ. ದನಿ ಸಣ್ಣಗಿತ್ತು.

"ಅಯ್ಯೋ ಇರ್ಲಿ ಬಿಡಮ್ಮ! ಮನೆ ಜಗಳ ಗಾಡೀಲಿ ಬೇಡ" ಅಂದವಳೇ ಸೆಲ್ವಿ ಗೇರು ಹಾಕಿದಳು. ಮುನಿಶಾಮಿ ಮಾಮ ನಕ್ಕರು. ಅಲ್ಲಿಗೆ ಗಾಡಿಯಲ್ಲಿದ್ದವರೆಲ್ಲರ ಮನಸ್ಸಿನಲ್ಲಿ ಅವರಿಬ್ಬರ ಮದುವೆ ಆಗಿಹೋಯಿತು.

ಅಕ್ಕಯ್ಯಮ್ಮನಿಗೆ ಇದಕ್ಕಿಂತ ಹಬ್ಬ ಬೇಕೆ? ಮೂಟೆಯ ಮೇಲಿಂದ ಮುಂದಕ್ಕೆ ಬಾಗಿ ಶುರು ಮಾಡಿದಳು. "ಏನಮ್ಮಣ್ಣಿ, ಗಂಡನ್ ಮ್ಯಾಲೆ ಮುನಿಸಾ? ವಯಸ್ನಾಗೆ ನಾನೂ ಇಂಗೇ ಮಾಡ್ತಿದ್ದೆ. ಮೂರ್ ದಿನ ಮಾತಾಡ್ತಿರ್ಲಿಲ್ಲ. ಆವಯ್ಯನೇ ಬಂದು ಕಾಲ್ ಇಡ್ಕೋಬೇಕಿತ್ತು."

ಹುಡುಗಿ ತಲೆ ಎತ್ತಲಿಲ್ಲ. ಅವನು ಮಾತ್ರ, "ಚೆನ್ನಾಗಿ ಬುದ್ಧಿ ಹೇಳಿ ಅಜ್ಜಿ" ಅಂದ.

"ಮಾತು ಕೇಳುದ್ರೆ ನಮ್ ಕಡೇವ್ಳಲ್ಲ ನೀನು" ಎಂದು ಅಕ್ಕಯ್ಯಮ್ಮ ಅವನ ಕಡೆ ತಿರುಗಿದಳು. "ಎಲ್ಲಪ್ಪಾ ಮನೆ ಮಾಡಿರೋದು ನೀವು? ಪ್ಯಾಟೇಲಾ, ಲೈನಲ್ಲಾ?"

"ಅವಳನ್ನೇ ಕೇಳಿ ಅಜ್ಜಿ" ಅಂದ ಅವನು. "ಅವಳ ಬಾಯಲ್ಲೇ ಬರಲಿ."

ಅದನ್ನು ಕೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ಸಲಿಗೆಯ ಗಂಡಸು ಅಂದುಕೊಂಡೆ. ಅಕ್ಕಯ್ಯಮ್ಮ "ಬಾಯ್ಬುಟ್ ಏಳಮ್ಮಾ, ನಾಚ್ಕೆ ಯಾಕೆ" ಅಂತ ಬಿಡದೆ ಪೀಡಿಸಿದಳು, ಮುನಿಶಾಮಿ ಮಾಮ "ಸೊಲ್ಲಮ್ಮಾ, ಹೇಳಿಬಿಡು" ಅಂತ ತಮಿಳು ಕನ್ನಡ ಎರಡರಲ್ಲೂ ಸೇರಿಕೊಂಡರು. ಹುಡುಗಿ ಬಾಯಿ ಬಿಡಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಅವನು ಹಲಗೆಯ ಅಂಚಿಗೆ ಸರಿದು ಕೂತಿದ್ದ. ನಮ್ಮ ಗಾಡಿಯಲ್ಲಿ ಪರರು ಕೂರುವಾಗ ಮೊಣಕಾಲು ತಾಗಿದರೆ ಇಬ್ಬರೂ ಒಂದಿಷ್ಟು ಹಿಂದಕ್ಕೆಳೆದುಕೊಳ್ಳುತ್ತೇವೆ. ಇವನು ಎಳೆದುಕೊಳ್ಳಲಿಲ್ಲ, ಅವಳಿಗೆ ಎಳೆದುಕೊಳ್ಳಲು ಹಿಂದೆ ಜಾಗವಿರಲಿಲ್ಲ.

ಆಗ ಅಕ್ಕಯ್ಯಮ್ಮನ ಕಣ್ಣು ನನ್ನ ಮೇಲೆ ಬಿತ್ತು. "ಇಂದ್ರಾಣಮ್ಮ, ನೀನು ದಿನಾ ಬತ್ತೀಯಲ್ಲ. ಈ ಅಮ್ಮಣ್ಣಿ ಎಲ್ಲಿ ಇಳೀತಾಳೆ?"

ಉರಿಗಾಂ. ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಮುದುಕಿಯ ಕಾಟ ತಪ್ಪುತ್ತದಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬೂಸಾ ಮೂಟೆಯ ಕೆಳಗೆ ನನ್ನ ಪಾದದ ಮೇಲೆ ಒಂದು ಪಾದ ಬಂತು. ಅಕಸ್ಮಾತ್ ತಾಗಿದ್ದಲ್ಲ. ಅವಳ ಹಿಮ್ಮಡಿ ನನ್ನ ಬೆರಳುಗಳನ್ನು ಒತ್ತಿ ಹಿಡಿದಿತ್ತು, ನೋಯುವಷ್ಟು. ಮುಖ ಮಾತ್ರ ಹೊರಗೇ ನೋಡುತ್ತಿತ್ತು. ಎದುರಿಗೆ ಒಂದು ಗೇಣಿನಲ್ಲಿ ಅವನ ಕನ್ನಡಕ ನನ್ನ ಬಾಯನ್ನೇ ನೋಡುತ್ತಿತ್ತು. ಹೆಂಡತಿ ಎಲ್ಲಿ ಇಳಿಯುತ್ತಾಳೆ ಅಂತ ತಿಳಿಯಲು ಗಂಡನಿಗೆ ಇಷ್ಟು ಆತುರ ಯಾಕೆ?

"ನನಗೇನು ಗೊತ್ತು? ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳೀತಾರೆ ಅಂತ ನೋಡ್ತಾ ಕೂರೋಕೆ ನಾನೇನು ಕಂಡಕ್ಟರಾ?" ಎಂದು ಸಿಡುಕಿದೆ. ನನ್ನ ಸಿಡುಕು ಎಲ್ಲರಿಗೂ ಪರಿಚಿತವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಕನ್ನಡಿಯಲ್ಲಿ ಸೆಲ್ವಿ ನನ್ನನ್ನು ನೋಡಿದಳು. ಅವಳೂ ಕೇಳಿಸಿಕೊಂಡಿದ್ದಳು, 'ಅವಳನ್ನೇ ಕೇಳಿ' ಅಂದದ್ದನ್ನು. ದಿನಾ ಉರಿಗಾಂನಲ್ಲಿ ಹತ್ತಿಸಿಕೊಳ್ಳುವ ಹುಡುಗಿ ಇವಳು ಅಂತ ಅವಳಿಗೂ ಗೊತ್ತಿತ್ತು. ಹಾಗಿದ್ದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಸೆಲ್ವಿ ಸುಮ್ಮನಿದ್ದುದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಚಂದನಳ ಊರಿನ ಗೇಟು ಬಂತು. ನಮ್ಮ ಕಡೆ ಹಳ್ಳಿಯ ದಾರಿ ಒಡೆಯುವ ಜಾಗಕ್ಕೆ ಗೇಟು ಅನ್ನುತ್ತೇವೆ. ಚಂದನ ಇಳಿದಳು. ಸೆಲ್ವಿಯೂ ಇಳಿದು ಟೈರನ್ನು ಒದ್ದು ನೋಡಿ, "ಈ ಎಡಗಡೆ ಭಾರ ಜಾಸ್ತಿ ಆಗಿ ಗಾಡಿ ಎಳೀತಾ ಇದೆ. ಏ ಪಾಪಾ, ನೀನು ಮುಂದೆ ಬಂದು ಕೂತ್ಕೋ" ಎಂದು ಹುಡುಗಿಯ ಕೈ ಹಿಡಿದಳು.

"ಯಾಕೆ? ಇಲ್ಲೇ ಇರಲಿ" ಅಂದ ಅವನು. ನಗು ಹೋಗಿತ್ತು.

"ನೀನು ಇಳಿದು ಹಿಂದಿನ ಗಾಡೀಲಿ ಬತ್ತೀಯಾ ಹೇಳು, ಭಾರ ಕಮ್ಮಿ ಆಗುತ್ತೆ."

"ಪಾಪ, ಗಂಡ ಹೆಂಡ್ತೀನ ಯಾಕೆ ಅಗಲಿಸ್ತೀಯೇ?" ಅಂದಳು ಅಕ್ಕಯ್ಯಮ್ಮ. ಈ ಮುದುಕಿಯ ಬಾಯಿಗೆ ಬೂಸಾ ತುಂಬಬೇಕು ಅನ್ನಿಸಿತು ನನಗೆ. ಅಷ್ಟರಲ್ಲಿ ಹುಡುಗಿ ಮುಂದೆ ಹೋಗಿ ಕೂತಾಗಿತ್ತು.

ಈಗ ಅವನ ಬೆನ್ನು ಅವಳ ಕಡೆಗೆ. ಅವನು ನಮ್ಮ ಮುಖ ನೋಡಿಕೊಂಡು ಕೂರಬೇಕು, ಅವಳನ್ನು ನೋಡಬೇಕಾದರೆ ಕತ್ತು ಪೂರ್ತಿ ತಿರುಚಬೇಕು. ಒಂದೆರಡು ಸಲ ತಿರುಚಿದ. ಗಾಡಿ ಗುಂಡಿಗೆ ಬಿದ್ದಾಗ ಅವನ ತಲೆ ಕಂಬಿಗೆ ಬಡಿಯಿತು. ನನಗೆ ಬಹಳ ಸಂತೋಷವಾಯಿತು.

ಮುಂದೆ ಆದ ಮಾತು ನಮಗ್ಯಾರಿಗೂ ಕೇಳಿಸಲಿಲ್ಲ. ಎದುರು ಗಾಳಿ, ಇಂಜಿನ್ನಿನ ಸದ್ದು. ಆಮೇಲೆ ಸೆಲ್ವಿಯೇ ನನಗೆ ಹೇಳಿದ್ದು. ಹುಡುಗಿ ಕೂತ ತಕ್ಷಣ ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳಂತೆ, "ನನ್ ಮುಖ ನೋಡ್ಬೇಡ. ಮುಂದೆ ನೋಡ್ಕೊಂಡು ಹೇಳು. ಯಾರವನು?" ಹಿಂದೆ ಎದುರಿಗೆ ಅಷ್ಟು ಜನ ಕೂತು ಬೇಡಿಕೊಂಡರೂ ಬಾಯಿ ಬಿಡದವಳು, ಇಲ್ಲಿ ಒಂದೇ ಉಸಿರಿನಲ್ಲಿ ಹೇಳಿದಳಂತೆ. "ಅವ ನನ್ನ ಗಂಡ ಅಲ್ರಿ ಅಕ್ಕಾರ. ಅಂಗಡಿಗೆ ಕನ್ನಡಕ ಮಾಡಿಸಾಕ ಬಂದಾವ. ಫ್ರೇಮ್ ಮುಖಕ್ಕ ಕೂಡಸುವಾಗ ಎದುರಿಗೆ ಕೂತು ಕಣ್ಣಾಗ ಕಣ್ಣಿಟ್ಟು ನೋಡಬೇಕಾಕ್ಕೈತ್ರಿ, ಅದು ನನ್ನ ಕೆಲಸ. ಅಷ್ಟಕ್ಕ ಏನೋ ತಿಳಕೊಂಡಾನ. ದಿನಾ ಬರ್ತಾನ, ಸಡಲ ಆಗೇತಿ ಅಂತಾನ, ಬಿಗಿ ಆಗೇತಿ ಅಂತಾನ. ಇವತ್ತು ಮನಿ ನೋಡೇ ಹೋಗತೀನಿ ಅಂತ ಬೆನ್ನ ಹತ್ತ್ಯಾನ."

"ಹಿಂದೇನೇ ಕಿರುಚ್ಕೋಬಾರ್ದಾಗಿತ್ತಾ? ಮಾಮ ಇದ್ರು, ನಾನಿದ್ದೆ."

"ಆ ಅಜ್ಜಾರು ಉರಿಗಾಂನವರು, ನನ್ನ ಗುರುತು ಅವರಿಗಿಲ್ಲ ಅಷ್ಟ. ಇವತ್ತು ನಾ ಚೀರಿದ್ರ ರಾತ್ರಿ ಅನ್ನೂದ್ರಾಗ ನಮ್ಮಪ್ಪಗ ಗೊತ್ತಾಗ್ತಿತ್ರಿ. ಗೊತ್ತಾದ್ರ ಕೆಲಸ ಬಿಡಸ್ತಾನ. ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಅವಗ ನಮ್ಮ ಮನಿ ತಿಳೀಬಾರದು. ನಮ್ಮ ಮನ್ಯಾಗ ಅವನ ಸುದ್ದಿ ತಿಳೀಬಾರದು."

ಸೆಲ್ವಿ ಮುಂದೇನೂ ಕೇಳಲಿಲ್ಲವಂತೆ. ಎರಡು ಟಿಕೆಟ್ಟಾ ಅಂತ ತಾನೇ ಕೇಳಿದ್ದು ನೆನೆದು ಮೈಯೆಲ್ಲ ಉರಿಯಿತು ಅಂದಳು.

ಅಕ್ಕಯ್ಯಮ್ಮನ ಗೇಟು ಹತ್ತಿರವಾಗುತ್ತಿತ್ತು. ಅದು ದಾಟಿದರೆ ಮುಂದೆ ಉರಿಗಾಂ. ಕನ್ನಡಿಯಲ್ಲಿ ಸೆಲ್ವಿಯ ಕಣ್ಣು ನನ್ನನ್ನು ಹುಡುಕಿತು. "ಇಂದ್ರಾಣಕ್ಕ, ಅಜ್ಜಿ ಮೂಟೆ ಇವತ್ತು ಭಾಳ ಭಾರ ಅಲ್ವಾ?" ಎಂದು ಕೂಗಿದಳು. ಅಕ್ಕಯ್ಯಮ್ಮನ ಮೂಟೆಯ ಭಾರವನ್ನು ಸೆಲ್ವಿ ಯಾವತ್ತೂ ವಿಚಾರಿಸಿದವಳಲ್ಲ. ಇಳಿಸಿ ಕೊಡುವವರು ಯಾವಾಗಲೂ ಮುನಿಶಾಮಿ ಮಾಮ. ಅವಳು ಏನು ಕೇಳುತ್ತಿದ್ದಾಳೆ ಅಂತ ನನಗೆ ಹೊಳೆಯಿತು.

ಒಳಗಿನವರು ಇಳಿಯಬೇಕಾದರೆ ಹೊರಗಿನವರು ಮೊದಲು ಇಳಿದು ದಾರಿ ಬಿಡಬೇಕು. ಸೆಲ್ವಿಯ ಗಾಡಿಯಲ್ಲಿ ಅದು ಯಾರೂ ಹೇಳಿಕೊಡದ ಕಾನೂನು. ಮೊಣಕಾಲುಗಳು ಹೆಣೆದುಕೊಂಡಿರುವಾಗ ಬೇರೆ ದಾರಿಯೇ ಇಲ್ಲ. ಗಾಡಿ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಹಿಂದಿನ ಸೀಟಿನ ಹೊರಗಿನ ಜಾಗ ಈಗ ಖಾಲಿಯಿದ್ದುದರಿಂದ ನಾನು ಇಳಿಯಬೇಕಾಗಿರಲಿಲ್ಲ. ಕಾಲು ಮೇಲಕ್ಕೆ ಎಳೆದುಕೊಂಡು ಕೂತೆ. ಮುನಿಶಾಮಿ ಮಾಮ ಅಭ್ಯಾಸಬಲದಿಂದ ಮೂಟೆಗೆ ಕೈ ಹಾಕಿದರು.

"ಮಾಮ, ನಿಮ್ಮ ಸೊಂಟ ನೋವು ಅಂತಿದ್ರಲ್ಲ. ಗಟ್ಟಿಮುಟ್ಟಾಗಿರೋ ಗಂಡಸು ಎದುರಿಗೇ ಕೂತಿದ್ದಾರೆ. ಅಣ್ಣಾ, ಸ್ವಲ್ಪ ಇಳಿಸಿಕೊಡಿ, ವಯಸ್ಸಾದವರು" ಅಂದೆ. ಒಂದು ವರ್ಷಕ್ಕೆ ಆಗುವಷ್ಟು ಮಾತು ಆಡಿದ್ದೆ.

ಅವನು ಕತ್ತು ತಿರುಚಿ ಹುಡುಗಿ ಮುಂದೆ ಕೂತೇ ಇದ್ದಾಳೆ ಎಂದು ನೋಡಿಕೊಂಡ. ಆಮೇಲೆ ಇಳಿದ. ಒಂದು ಕೈ ಕಂಬಿಯ ಮೇಲೇ ಇತ್ತು. ಒಂದೇ ಕೈಯಲ್ಲಿ ಮೂಟೆ ಎಳೆಯಲು ನೋಡಿದ, ಬರಲಿಲ್ಲ. ಅಕ್ಕಯ್ಯಮ್ಮ ನನ್ನ ಮೊಣಕಾಲು ನೂಕಿಕೊಂಡು ಕೆಳಗಿಳಿದು, "ಎರಡೂ ಕೈ ಆಕಪ್ಪ, ಮೂಟೆ ಅರಿದೋಯ್ತದೆ! ಆ ಕಟ್ಟೆ ಮ್ಯಾಲ್ ಮಡುಗ್ಬುಡು" ಅಂದಳು. ಅಷ್ಟು ಜನರ ಎದುರಿಗೆ ಮುದುಕಿಗೆ ಇಲ್ಲ ಅನ್ನುವುದು ಹೇಗೆ? ಅವನು ಕಂಬಿ ಬಿಟ್ಟ. ಮೂಟೆ ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ.

ಗಾಡಿ ಹಾರಿತು. ನಾನು ಹಿಂದಕ್ಕೆ ಸೀಟಿಗೆ ಬಡಿದೆ, ಮುನಿಶಾಮಿ ಮಾಮ ಮುಗ್ಗರಿಸಿ ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದರು. ಹಿಂದೆ ಮೂಟೆ ಬಿದ್ದದ್ದು, ಅವನು ಓಡಿ ಬಂದದ್ದು, ಅಕ್ಕಯ್ಯಮ್ಮ "ಅಯ್ಯಯ್ಯೋ ನಿಲ್ಸೇ, ಗಂಡನ್ನ ಬುಟ್ಬುಟ್ಟು ಓಯ್ತಾವ್ಳೆ" ಎಂದು ಎರಡೂ ಕೈ ಬೀಸಿದ್ದು ಕಂಡಿತು. ತಿರುವಿನಲ್ಲಿ ಎಲ್ಲ ಮರೆಯಾಯಿತು.

"ಎನ್ನಮ್ಮಾ ಸೆಲ್ವಿ, ಪೈತ್ಯಮಾ? ಹುಚ್ಚಾ ನಿಂಗೆ?" ಮುನಿಶಾಮಿ ಮಾಮ ಕಂಬಿ ಬಡಿದರು. "ಆ ಹುಡುಗಿ ಗಂಡ ಅಲ್ಲೇ ಉಳ್ಕೊಂಡವ್ನೆ!"

ಸೆಲ್ವಿ ಗಾಡಿಯ ವೇಗ ಇನ್ನೂ ಏರಿಸಿದಳು. ಹುಡುಗಿಯೇ ಹಿಂದಕ್ಕೆ ತಿರುಗಿದಳು. ಅಳುತ್ತಿದ್ದಳು. "ಅವ ನನ್ನ ಗಂಡ ಅಲ್ರಿ ಅಜ್ಜಾರ. ಯಾರಿಗೂ ಹೇಳಬ್ಯಾಡ್ರಿ."

ಮುನಿಶಾಮಿ ಮಾಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. ತಾವೂ ಸೇರಿ 'ಸೊಲ್ಲಮ್ಮಾ' ಅಂದಿದ್ದು ಅವರಿಗೆ ನೆನಪಾಗಿರಬೇಕು. ಹಣೆ ಹಣೆ ಬಡಿದುಕೊಂಡು, "ನನ್ ಮಕ್ಕಳಾಣೆ, ಹೇಳಲ್ಲ ತಾಯಿ" ಅಂದರು. ಉರಿಗಾಂನಲ್ಲಿ ಅವಳನ್ನು ಇಳಿಸಿದಾಗ ಕೆಳಗೆ ನಿಂತು ಸೆಲ್ವಿಯ ಕೈ ಒತ್ತಿದಳು, ನನ್ನ ಕೈಯನ್ನೂ ಒತ್ತಿದಳು. ಮುನಿಶಾಮಿ ಮಾಮನೂ ಅಲ್ಲೇ ಇಳಿದು, ಕಾವಲಿಗೆ ಅನ್ನುವ ಹಾಗೆ ಅವಳಿಂದ ದೂರವಾಗಿಯೇ ಹಿಂದೆ ನಡೆದರು. ಗೆದ್ದೆವು ಅಂದುಕೊಂಡು ನಾನು ಮನೆಗೆ ಹೋಗಿ ಗಡದ್ದಾಗಿ ಊಟ ಮಾಡಿದೆ.

ಮಾರನೆ ದಿನ ಸಹನ ಬರಲಿಲ್ಲ. ಅದರ ಮಾರನೆ ದಿನವೂ ಇಲ್ಲ. ಮೂರನೆಯ ದಿನ ಮುನಿಶಾಮಿ ಮಾಮ ಗಾಡಿ ಹತ್ತಿ ಕೂತು ಹೇಳಿದ್ದನ್ನು ಕೇಳಿ ಸೆಲ್ವಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟಳು.

ನಾವು ಬಿಟ್ಟು ಬಂದ ಗೇಟಿನಲ್ಲಿ ಅಕ್ಕಯ್ಯಮ್ಮ ಸುಮ್ಮನಿರಲಿಲ್ಲ. ಹೆಂಡತಿ ಮುಂದೆ ಹೋದಳು, ಗಂಡ ನಡುದಾರಿಯಲ್ಲಿ ಉಳಿದ ಅಂತ ಅವಳ ಹೊಟ್ಟೆ ಚುರ್ ಅಂದಿದೆ. ಹಿಂದೆ ಬಂದ ಗಾಡಿಗೆ ಕೈ ಅಡ್ಡ ಹಿಡಿದು, ಹುಡುಗಿಯ ಕೆಲಸ ಎಲ್ಲಿ ಅಂತ ಅವನಿಂದ ಕೇಳಿಕೊಂಡು, ಅವನನ್ನು ತಾನೇ ಹತ್ತಿಸಿ, ಒಳಗಿದ್ದವರಿಗೆಲ್ಲ ಕೂಗಿ ಹೇಳಿದ್ದಾಳೆ: "ಈವಯ್ಯನ ಹೆಂಡ್ರು ಮುನಿಸ್ಕೊಂಡು ಮುಂದ್ಕೋದ್ಲು. ಕನ್ನಡಕದ್ ಅಂಗಡೀಲಿ ಅವ್ಳಂತೆ, ಆ ಕಡೆ ಸೀಮೆ ಮಾತು ಆಡ್ತಾಳೆ. ಯಾರಿಗಾನ ಮನೆ ಗೊತ್ತಿದ್ರೆ ಪಾಪ, ತೋರ್ಸ್ರಪ್ಪ." ಆ ಗಾಡಿಯಲ್ಲೂ ನಾಲ್ಕು ಜನ ಎದುರುಬದುರು ಕೂತಿದ್ದರು. ಅವರೂ ನಮ್ಮ ಹಾಗೆಯೇ ಒಳ್ಳೆಯವರು. ಓ, ಕಾರ್ಖಾನೆಯಲ್ಲಿರುವ ಹಾವೇರಿಯವರ ಮಗಳಾ ಅಂತ ಒಬ್ಬರು, ಉರಿಗಾಂ ನೀರಿನ ಟ್ಯಾಂಕಿನ ಹತ್ತಿರ ಅಂತ ಇನ್ನೊಬ್ಬರು. ಸಹನ ಕೈಕಾಲು ತೊಳೆದು ಕೂರುವಷ್ಟರಲ್ಲಿ ಅವನು ಮನೆಯ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದ್ದಾನೆ.

ಉರಿಗಾಂ ಜನ ಸುಮ್ಮನೆ ಬಿಡುತ್ತಾರೆಯೇ? ಮುನಿಶಾಮಿ ಮಾಮನೇ ಮೊದಲು ಕೊರಳಪಟ್ಟಿ ಹಿಡಿದದ್ದು. ನಾಲ್ಕು ಬಿಟ್ಟು ಪೊಲೀಸರಿಗೆ ಒಪ್ಪಿಸಿದರು. ಅವನ ಕತೆ ಅಲ್ಲಿಗೆ ಮುಗಿಯಿತು. ಸಹನಳ ಕೆಲಸದ ಕತೆಯೂ ಮುಗಿಯಿತು. ಹೊರಗೆ ಹೋದದ್ದಕ್ಕೇ ಇದು ಆದದ್ದು, ಇನ್ನು ಮನೆಯಲ್ಲಿರು ಅಂದನಂತೆ ಅಪ್ಪ.

ಅಕ್ಕಯ್ಯಮ್ಮನಿಗೆ ವಿಷಯ ಹೇಳಿದವಳು ನಾನು, ಚೆನ್ನಾಗಿ ಝಾಡಿಸಬೇಕು ಅಂತಲೇ ಹೇಳಿದೆ. ಅವಳು "ನನ್ ಬಾಯ್ಗೆ ಮಣ್ಣಾಕ" ಎಂದು ಗಾಡಿಯಲ್ಲೇ ತಲೆ ಚಚ್ಚಿಕೊಂಡು ಅತ್ತದ್ದು ನೋಡಿ ನನ್ನ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು. ಕಂಡವರನ್ನು ವಿಚಾರಿಸುವುದೇ ಪ್ರೀತಿ ಅಂತ ಬದುಕಿದವಳು. ಅವಳಿಗೆ ಇನ್ನೇನು ಹೇಳಲಿ?

ಭಾನುವಾರ ಸೆಲ್ವಿ ನನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ, "ಬಾ ಅಕ್ಕ, ಆ ಮನೆಗೆ ಓಗಣ" ಅಂದಳು.

ಸಹನಳ ಅಪ್ಪ ಬಸವಣ್ಣೆಪ್ಪ ನಮ್ಮನ್ನು ಕೂರಿಸಿದ. ಕಾರ್ಖಾನೆ ಕೆಲಸಕ್ಕೆ ಅಂತ ಹಾವೇರಿ ಕಡೆಯಿಂದ ಬಂದು ಇಲ್ಲಿ ನಿಂತವನು, ಒಳ್ಳೆಯ ಮನುಷ್ಯನೇ. ಎರಡು ಕುರ್ಚಿ ನಮಗೆ, ಎದುರಿಗೆ ಒಂದು ತನಗೆ. ಸಹನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮುಖ ಬಾಡಿತ್ತು.

"ಅವಳನ್ನ ಕೆಲಸಕ್ಕೆ ಕಳ್ಸಿ ಸಾರ್. ದಿನಾ ನನ್ ಪಕ್ಕದಲ್ಲೇ ಕೂರಿಸ್ಕೊಂಡು ಓಗಿ, ಕೂರಿಸ್ಕೊಂಡು ಬತ್ತೀನಿ" ಅಂದಳು ಸೆಲ್ವಿ.

"ನಿಮ್ಮ ಗಾಡ್ಯಾಗೇ ಅಲ್ರೀ ಇದೆಲ್ಲಾ ಆಗಿದ್ದು?" ಅವನು ದನಿ ಏರಿಸಲಿಲ್ಲ. "ಎರಡು ಟಿಕೀಟೇನು ಅಂತ ಕೇಳಿದಾಕಿ ನೀವೇ ಅಂತಲ್ರೀ."

ಸೆಲ್ವಿಯ ಮುಖ ಸಪ್ಪಗಾಯಿತು. "ಹೌದು, ನಾನೇ. ಸುಮ್ನೆ ಕೂತಿದ್ಲು. ಸುಮ್ನೆ ಕೂತವ್ರು ಗಂಡ ಹೆಂಡ್ತಿ ಅಂದ್ಕೊಂಡುಬಿಟ್ಟೆ. ನನ್ನ ಬುದ್ಧಿಗೆ ಬೆಂಕಿ ಹಾಕ."

"ನನ್ನ ಮಗಳು ಮನ್ಯಾಗೂ ಸುಮ್ಮನೇ ಇರ್ತಾಳ್ರೀ. ಭಾಳ ಸೌಮ್ಯ. ಅದಕ್ಕ ಹೇಳಾಕತ್ತೀನಿ, ಹೊರಗಿನ ಜಗತ್ತು ಆಕಿಗೆ ಒಗ್ಗಂಗಿಲ್ಲ."

ಅದನ್ನು ಕೇಳಿ ಸೆಲ್ವಿಗೆ ಏನಾಯಿತೋ. ಎದ್ದು ನಿಂತಳು. "ಸೌಮ್ಯ ಅಲ್ಲ ಸಾರ್, ಭಯ. ಯಾರ್ ಭಯ ಅಂತ ಕೇಳಿ. ಅವತ್ತು ನನ್ ಪಕ್ಕ ಕೂತು ಅವಳು, ಅಕ್ಕ, ಅವನಿಂದ ಕಾಪಾಡು ಅಂತ ಮೊದಲು ಅನ್ಲಿಲ್ಲ. ಅಪ್ಪನಿಗೆ ಗೊತ್ತಾಗಬಾರ್ದು ಅಂತ ಕಾಲಿಗೆ ಬಿದ್ಲು. ಅವ್ನು ಮೊಣಕಾಲಿಗೆ ಮೊಣಕಾಲು ಒತ್ತಿ ಕೂತಿದ್ದ, ಆವಾಗ್ಲೂ ಬಾಯಿ ಬಿಡ್ಲಿಲ್ಲ, ನಿಮ್ ಕಿವಿಗೆ ಬೀಳುತ್ತೆ ಅಂತ. ಅವನಿಗಿಂತ ಜಾಸ್ತಿ ನೀವೇ ಭಯ ಆಗಿದ್ರಿ ಅವಳಿಗೆ."

ಸೆಲ್ವಿಯದು ಅತಿಯಾಯಿತು ಅನ್ನಿಸಿ ಅವಳ ಸೆರಗು ಜಗ್ಗಿದೆ. ಬಸವಣ್ಣೆಪ್ಪ ನಮ್ಮನ್ನು ನೋಡಲಿಲ್ಲ, ಬಾಗಿಲ ಕಡೆ ತಿರುಗಿದ.

"ಹೌದೇನವ್ವಾ?"

ಸಹನ ತಲೆ ಎತ್ತಿ, "ಹೌದಪ್ಪಾ" ಅಂದಳು.

ಅವನು ಎದ್ದ. ಅಂಗೈಯಿಂದ ಮುಖ ಒರೆಸಿಕೊಂಡು ಒಳಗೆ ಹೋದ. ನಾವು ಚಹಾ ಕುಡಿಯದೆ ಎದ್ದು ಬಂದೆವು. ದಾರಿಯುದ್ದಕ್ಕೂ ಸೆಲ್ವಿ, "ಕೆಡಿಸಿಬಿಟ್ನಾ ಅಕ್ಕ? ಕೆಡಿಸಿಬಿಟ್ನಾ?" ಅಂತ ಕೇಳುತ್ತಲೇ ಇದ್ದಳು.

ಬುಧವಾರ ಬೆಳಿಗ್ಗೆ ಉರಿಗಾಂ ನಿಲ್ದಾಣದಲ್ಲಿ ಅಪ್ಪ ಮಗಳು ಇಬ್ಬರೂ ನಿಂತಿದ್ದರು. ಸಹನ ಬ್ಯಾಗು ಹಿಡಿದು ಸೆಲ್ವಿಯ ಪಕ್ಕ ಹತ್ತಿ ಕೂತಳು. ಬಸವಣ್ಣೆಪ್ಪ ಗಾಡಿಯನ್ನು ಸುತ್ತಿ ಬಂದು ಸೆಲ್ವಿಯ ಕಡೆ ಬಾಗಿದ. ಗದರಿಸಲು ಬಂದನೋ ಏನೋ ಎಂದು ನಾನು ಮುಂದಕ್ಕೆ ಸರಿದೆ. ಅವನು ಮಗಳಿಗೆ ಕೇಳಿಸದ ಹಾಗೆ ಮೆತ್ತಗೆ ಕೇಳಿದ.

"ಅಕ್ಕಾರ, ಈಕಿ ನಿಮ್ಮ ಕೂಡ ಏನ್ ಮಾತಾಡ್ತಾಳ್ರೀ?"

ಆ ಒಂದು ಸಂಜೆ ಬಿಟ್ಟರೆ ಹುಡುಗಿ ಸೆಲ್ವಿಯ ಜೊತೆ ಏನನ್ನೂ ಮಾತಾಡಿದ್ದೇ ಇಲ್ಲ. "ಬಾಳ ಮಾತಾಡ್ತಾಳೆ ಸಾರ್" ಅಂದಳು ಸೆಲ್ವಿ. ಅವನು ತಲೆಯಾಡಿಸಿದ, ಆದರೆ ಹೋಗಲಿಲ್ಲ. ಇನ್ನೂ ಏನಾದರೂ ಹೇಳುತ್ತಾಳೇನೋ ಅಂತ ಕಂಬಿ ಹಿಡಿದುಕೊಂಡೇ ನಿಂತಿದ್ದ.